ಇಂಗ್ಲೆಂಡಿನ ಹಳ್ಳಿ ಜಂಟಲ್‌ಮನ್‌ನ ಉಯಿಲು: ಆಸ್ತಿ, ಮಂಚ, ಸಮಾಧಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

16 ಮತ್ತು 17ನೇ ಶತಮಾನದಲ್ಲಿ ಇಂಗ್ಲೆಂಡಿನ ಊರ ಜಮೀನುದಾರರು ಬರೆಸಿಟ್ಟ ಉಯಿಲುಗಳು ಸಾವಿರಗಟ್ಟಲೆ ಉಳಿದುಬಂದಿವೆ. ಅವನ್ನು ಓದಲು ಕೂತವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಂತೂ ಶೇಕ್ಸ್‌ಪಿಯರ್ ಹೆಂಡತಿಗೆ ಬರೆದಿಟ್ಟ ಮಂಚದಿಂದಲೇ ಶುರುಮಾಡುತ್ತಾರೆ. ಮಂಚದ ವಿಷಯ ಕೆಳಗಿದೆ. ಅದಕ್ಕೂ ಮೊದಲು ಒಂದು ಮಾತು ಹೇಳಿಬಿಡಬೇಕು: ಆಸ್ತಿವಂತನ ಉಯಿಲನ್ನು ಅವನ ಆಸ್ತಿಯ ಪಟ್ಟಿ ಎಂದುಕೊಂಡು ಓದಬಾರದು. ದೊಡ್ಡ ಗಂಟು ಎಷ್ಟೋ ಸಲ ಬೇರೆ ದಾರಿಯಲ್ಲಿ ಮೊದಲೇ ಹೋಗಿರುತ್ತಿತ್ತು. ಉಯಿಲಿನಲ್ಲಿ ನಮಗೆ ಕಾಣುವುದು ಮಿಕ್ಕಿದ್ದು, ಚದುರಿದ್ದು, ಬಾಯಿಬಿಟ್ಟು ಹೇಳಲೇಬೇಕಾದದ್ದು. ಅದರಲ್ಲಿ ಪ್ರೀತಿಯನ್ನೂ ಕೋಪವನ್ನೂ ಅಳೆಯಲು ಹೊರಟವರು ಹೆಚ್ಚಾಗಿ ಎಡವುವುದು ಇಲ್ಲೇ.

ಜಂಟಲ್‌ಮನ್ ಅಂದರೆ ಯಾರು? ಸಭ್ಯಸ್ಥ ಅಂತಲೇ?

ಅಲ್ಲ, ಅದೊಂದು ಅಂತಸ್ತು. ಕೈಕೆಸರು ಮಾಡಿಕೊಳ್ಳದೆ ಗೇಣಿಯ ಹುಟ್ಟುವಳಿಯಲ್ಲಿ ಬದುಕಬಲ್ಲವನು, ಕುಲಲಾಂಛನ ಇಟ್ಟುಕೊಳ್ಳುವ ಹಕ್ಕಿದ್ದವನು. ಇವನ ಮೇಲೆ ಎಸ್ಕ್ವೈರ್, ಅವನ ಮೇಲೆ ನೈಟ್; ಕೆಳಗೆ ಯೋಮನ್, ಅಂದರೆ ಸ್ವಂತ ಹೊಲವಿದ್ದು ತಾನೇ ಬೇಸಾಯ ನೋಡಿಕೊಳ್ಳುವ ಸ್ಥಿತಿವಂತ ರೈತ. ಲಾಂಛನದ ಹಕ್ಕು ಯಾರಿಗಿದೆ, ಯಾರು ಸುಮ್ಮನೆ ಹಾಕಿಕೊಂಡಿದ್ದಾರೆ ಎಂದು ನೋಡಲು ಹೆರಾಲ್ಡ್ ಎಂಬ ರಾಜಾಧಿಕಾರಿಗಳು 1530ರಿಂದ 1680ರ ದಶಕದವರೆಗೆ ಜಿಲ್ಲೆ ಜಿಲ್ಲೆ ಸುತ್ತುತ್ತಿದ್ದರು.

ಉಯಿಲಿನ ಮೊದಲ ಸಾಲಿನಲ್ಲೇ ಈ ಅಂತಸ್ತು ಬರುತ್ತದೆ. ಲಂಡನ್ನಿನ ರಂಗಭೂಮಿಯಲ್ಲಿ ದುಡ್ಡು ಮಾಡಿದ ಶೇಕ್ಸ್‌ಪಿಯರ್ ತನ್ನ ಉಯಿಲಿನಲ್ಲಿ ನಾಟಕದ ಸುದ್ದಿ ಎತ್ತುವುದಿಲ್ಲ. ವಾರಿಕ್‌ಶೈರಿನ ಸ್ಟ್ರಾಟ್‌ಫರ್ಡ್ ಊರಿನ ಜಂಟಲ್‌ಮನ್ ಎಂದಷ್ಟೇ ಹೇಳಿಕೊಳ್ಳುತ್ತಾನೆ. ಅವನ ತಂದೆಗೆ ಲಾಂಛನ ಸಿಕ್ಕಿದ್ದು 1596ರಲ್ಲಿ. ಮರುವರ್ಷ ಶೇಕ್ಸ್‌ಪಿಯರ್ ನ್ಯೂ ಪ್ಲೇಸ್ ಎಂಬ ದೊಡ್ಡ ಮನೆ ಕೊಂಡ, 1602ರಲ್ಲಿ 320 ಪೌಂಡ್ ಕೊಟ್ಟು 107 ಎಕರೆ ಜಮೀನು, 1605ರಲ್ಲಿ 440 ಪೌಂಡಿಗೆ ದಶಮಾಂಶ (ಚರ್ಚಿಗೆಂದು ಕೊಡುತ್ತಿದ್ದ ಬೆಳೆಯ ಹತ್ತನೇ ಪಾಲು) ವಸೂಲಿ ಹಕ್ಕಿನ ಪಾಲು. ಸಾಯುವ ಹೊತ್ತಿಗೆ ಅವನು ಊರ ಜಮೀನುದಾರನೇ. ಈ ಬರಹದಲ್ಲಿ ಅವನ ಉಯಿಲು ಮತ್ತೆ ಮತ್ತೆ ಬರುವುದು ಅದಕ್ಕೇ.

ಜಮೀನನ್ನು ತನಗೆ ಬೇಕಾದವರಿಗೆ ಬರೆದುಕೊಡಬಹುದಿತ್ತೆ?

1540ರ ತನಕ ಕಾನೂನಿನ ಪ್ರಕಾರ ನೇರವಾಗಿ ಬರೆಯುವಂತಿರಲಿಲ್ಲ. ಭೂಮಿ ಹಿರಿಮಗನಿಗೆ ತಾನಾಗಿಯೇ ಹೋಗುತ್ತಿತ್ತು. ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳೆಲ್ಲರಿಗೂ ಸಮಪಾಲು. ಕೆಂಟ್ ಪ್ರಾಂತ್ಯದ್ದು ಮಾತ್ರ ಬೇರೆ ದಾರಿ: ಅಲ್ಲಿ ಗ್ಯಾವೆಲ್‌ಕೈಂಡ್ ಎಂಬ ಪದ್ಧತಿಯಂತೆ ಗಂಡುಮಕ್ಕಳೆಲ್ಲರೂ ಸಮನಾಗಿ ಹಂಚಿಕೊಳ್ಳುತ್ತಿದ್ದರು.

ಆದರೆ ಕಿರಿಯ ಮಕ್ಕಳನ್ನು ಬರಿಗೈಯಲ್ಲಿ ಬಿಡಲು ಯಾವ ಅಪ್ಪನಿಗೆ ಮನಸ್ಸು ಬಂದೀತು? ಜನ ಒಂದು ಉಪಾಯ ಕಂಡುಕೊಂಡಿದ್ದರು. ಬದುಕಿದ್ದಾಗಲೇ ಭೂಮಿಯನ್ನು ನಂಬಿಕಸ್ಥ ಗೆಳೆಯರ ಹೆಸರಿಗೆ ಮಾಡಿಸಿ, ‘ನಾನು ಉಯಿಲಿನಲ್ಲಿ ಹೇಳಿದಂತೆ ನಡೆಸಿ’ ಎಂದು ಮಾತು ತೆಗೆದುಕೊಳ್ಳುವುದು. ಇದರಿಂದ ರಾಜನಿಗೆ ಬರಬೇಕಾದ ತೆರಿಗೆ ತಪ್ಪುತ್ತಿತ್ತು. 1536ರಲ್ಲಿ ಎಂಟನೇ ಹೆನ್ರಿ ಕಾಯಿದೆ ತಂದು ಈ ದಾರಿ ಮುಚ್ಚಿದ. ಜಮೀನುದಾರರು ಸಿಟ್ಟಿಗೆದ್ದರು, ಅದೇ ವರ್ಷ ಉತ್ತರದಲ್ಲಿ ಎದ್ದ ದೊಡ್ಡ ಬಂಡಾಯದ ಬೇಡಿಕೆಗಳಲ್ಲಿ ಈ ಕಾಯಿದೆಯ ರದ್ದತಿಯೂ ಇತ್ತು. ಕೊನೆಗೆ 1540ರಲ್ಲಿ ರಾಜಿಯಾಗಿ ಉಯಿಲು ಕಾಯಿದೆ ಬಂತು. ಸಾಮಾನ್ಯ ಹಿಡುವಳಿಯ ಭೂಮಿಯನ್ನು ಪೂರ್ತಿ ಬರೆದುಕೊಡಬಹುದು, ಸೈನ್ಯಸೇವೆಯ ಷರತ್ತಿನ ಮೇಲೆ ಹಿಡಿದ ಭೂಮಿಯಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ. ಆ ಷರತ್ತಿನ ಹಿಡುವಳಿಯೇ 1660ರಲ್ಲಿ ರದ್ದಾದ ಮೇಲೆ ಈ ಮಿತಿಯೂ ಹೋಯಿತು.

ಹೀಗೆ ಸ್ವಾತಂತ್ರ್ಯ ಸಿಕ್ಕಿದರೂ ಹೆಚ್ಚಿನವರು ಹಿರಿಮಗನನ್ನು ತಪ್ಪಿಸಲಿಲ್ಲ. ಮದುವೆಯ ಹೊತ್ತಿಗೆ ಬೀಗರ ನಡುವೆ ಆಗುತ್ತಿದ್ದ ಕರಾರುಪತ್ರದಲ್ಲೇ ಮನೆತನದ ಮುಖ್ಯ ಭೂಮಿ ಯಾರಿಗೆ, ವಿಧವೆಗೆ ಎಷ್ಟು ಎಂಬುದು ತೀರ್ಮಾನವಾಗಿರುತ್ತಿತ್ತು. ‘ಹಿರಿಮಗನಿಗೆ ನನ್ನ ಕತ್ತಿ ಮತ್ತು ಮುದ್ರೆಯುಂಗುರ’ ಎಂದಷ್ಟೇ ಇರುವ ಉಯಿಲು ಕಂಡು ಅಯ್ಯೋ ಪಾಪ ಎನ್ನಬೇಡಿ. ಇಡೀ ಜಹಗೀರು ಅವನ ಕೈಯಲ್ಲಿತ್ತು.

ಹಾಗಾದರೆ ಉಯಿಲಿನಲ್ಲಿ ಕೊಡುತ್ತಿದ್ದುದು ಏನೇನು?

ಮೊದಲು ನಗದು. ಆಮೇಲೆ ಬೆಳ್ಳಿ ಪಾತ್ರೆ, ಮಂಚ ಹಾಸಿಗೆ, ಕುದುರೆ, ದನ ಕುರಿ, ಕಣಜದ ಧಾನ್ಯ, ಬಟ್ಟೆ, ಆಯುಧ, ಬಿಯರ್ ಕುದಿಸುವ ಹಂಡೆಗಳು. 16ನೇ ಶತಮಾನದ ಕೆಲವು ಉಯಿಲುಗಳಲ್ಲಿ ಕಿಟಕಿಯ ಗಾಜು, ಗೋಡೆಗೆ ಹೊಡೆದ ಮರದ ಹಲಗೆಯ ಹೊದಿಕೆ ಕೂಡ ಬೇರೆಯಾಗಿ ಬರುತ್ತವೆ. ಗಾಜು ದುಬಾರಿ, ಮನೆ ಬೇರೆ, ಗಾಜು ಬೇರೆ ಎಂಬ ಲೆಕ್ಕ. ಇವೆರಡೂ ಮನೆಯ ಜೊತೆಗೇ ಇರಲಿ ಎಂದು ಒತ್ತಿ ಬರೆಯುವವರ ಭಯ ಏನೆಂದು ಊಹಿಸಬಹುದು: ವಿಧವೆಯೋ ಉಯಿಲನ್ನು ಜಾರಿಮಾಡುವ ಎಕ್ಸಿಕ್ಯೂಟರನೋ ಕಿಟಕಿ ಕಿತ್ತುಕೊಂಡು ಹೋದರೆ!

ಬಟ್ಟೆಯನ್ನು ಕಡೆಗಣಿಸಬೇಡಿ. ಒಳ್ಳೆಯ ಉಣ್ಣೆಯ ನಿಲುವಂಗಿ ಒಂದು ಎಂದರೆ ಆಳಿಗೆ ತಿಂಗಳುಗಟ್ಟಲೆಯ ಸಂಬಳ. ಶೇಕ್ಸ್‌ಪಿಯರ್ ತನ್ನ ಉಡುಪನ್ನೆಲ್ಲ ತಂಗಿ ಜೋನ್‌ಗೆ ಕೊಟ್ಟ, ಜೊತೆಗೆ 20 ಪೌಂಡ್, ಮತ್ತು ಅವಳಿದ್ದ ಮನೆಯಲ್ಲಿ ವರ್ಷಕ್ಕೆ 12 ಪೆನ್ಸ್ ನೆಪಮಾತ್ರದ ಬಾಡಿಗೆಗೆ ಸಾಯುವ ತನಕ ಇರುವ ಹಕ್ಕು. ಜೋನ್‌ಗೆ ಅಣ್ಣನ ಗಂಡುಡುಪು ಯಾಕೆ ಎಂದು ಕೇಳುವವರಿದ್ದಾರೆ. ಅವಳಿಗೆ ಮೂವರು ಗಂಡುಮಕ್ಕಳಿದ್ದರು.

ಆರಂಭದ ಸಾಲುಗಳೆಲ್ಲ ದೇವರು, ಆತ್ಮ ಎಂದಿವೆ. ಅದು ಬರೆಸಿದವನ ನಿಜವಾದ ನಂಬಿಕೆಯೇ?

ಪೂರ್ತಿ ನಂಬಲಾಗದು, ಪೂರ್ತಿ ತಳ್ಳಿಹಾಕಲೂ ಆಗದು. ‘ದೇವರ ಹೆಸರಿನಲ್ಲಿ, ಆಮೆನ್’ ಎಂದು ಶುರು. ಮೈಗೆ ಕಾಯಿಲೆ, ಆದರೆ ನೆನಪು ಬುದ್ಧಿ ಚೊಕ್ಕವಾಗಿವೆ ಎಂಬ ಹೇಳಿಕೆ. ಆಮೇಲೆ ಆತ್ಮವನ್ನು ದೇವರಿಗೆ, ದೇಹವನ್ನು ಮಣ್ಣಿಗೆ ಒಪ್ಪಿಸುವುದು. ಬುದ್ಧಿ ಚೊಕ್ಕವಾಗಿದೆ ಎಂಬ ಮಾತು ಭಕ್ತಿಗಾಗಿ ಬಂದದ್ದಲ್ಲ, ನಾಳೆ ಯಾರೂ ಕೋರ್ಟಿನಲ್ಲಿ ತಗಾದೆ ತೆಗೆಯದಿರಲಿ ಎಂದು.

ಇಂಗ್ಲೆಂಡಿನ ಚರ್ಚು ರೋಮಿನಿಂದ ಬೇರೆಯಾದ ಮತಸುಧಾರಣೆಗೆ ಮುಂಚಿನ ಉಯಿಲುಗಳಲ್ಲಿ ಆತ್ಮವನ್ನು ಸರ್ವಶಕ್ತ ದೇವರಿಗೆ, ಕನ್ಯಾ ಮರಿಯಮ್ಮನಿಗೆ, ಪರಲೋಕದ ಸಕಲ ಸಂತರಿಗೆ ಒಪ್ಪಿಸುತ್ತಿದ್ದರು. ದೊರೆ ಆರನೇ ಎಡ್ವರ್ಡ್ ಮತ್ತು ರಾಣಿ ಮೊದಲನೇ ಎಲಿಜಬೆತ್ ಕಾಲಕ್ಕೆ ಮರಿಯಮ್ಮ, ಸಂತರು ಜಾರಿಹೋಗಿ, ‘ನನ್ನ ಏಕೈಕ ರಕ್ಷಕ ಯೇಸುಕ್ರಿಸ್ತನ ಪುಣ್ಯದಿಂದಲೇ’ ಎಂಬ ಮಾತು ಬರುತ್ತದೆ. ಈ ಬದಲಾವಣೆ ನಿಜ. ಆದರೆ ಒಂದೇ ಊರಿನ ಹತ್ತು ಉಯಿಲುಗಳಲ್ಲಿ ಒಂದೇ ವಾಕ್ಯ ಕಂಡರೆ ಅದು ಆ ಊರ ಬರಹಗಾರನ ವಾಕ್ಯ ಎಂದು ತಿಳಿಯಬೇಕು. ಮಾಮೂಲಿಗಿಂತ ಉದ್ದವಾಗಿ, ತನ್ನದೇ ಮಾತಿನಲ್ಲಿ ಪಾಪಪುಣ್ಯದ ವಿಚಾರ ಬರೆಸಿದವನಿದ್ದರೆ ಅಲ್ಲಿ ಆ ಮನುಷ್ಯನ ದನಿ ಕೇಳಿದರೂ ಕೇಳೀತು.

ಹಣ ಎಲ್ಲಿ ಹೋಗುತ್ತಿತ್ತು ಎಂಬುದರಲ್ಲಿ ಬದಲಾವಣೆ ಇನ್ನೂ ಸ್ಪಷ್ಟ. ಸ್ವರ್ಗಕ್ಕೆ ಮುನ್ನ ಪಾಪ ತೊಳೆದುಕೊಳ್ಳುವ ತಾಣದಲ್ಲಿ ಆತ್ಮ ಬೇಯುತ್ತಿರುತ್ತದೆಂದು ನಂಬಿದ್ದ ಕಾಲದಲ್ಲಿ ಮೂವತ್ತು ಬಲಿಪೂಜೆಗಳಿಗೆ, ವರ್ಷಾಬ್ದಿಕ ಪ್ರಾರ್ಥನೆಗೆ, ಉಳ್ಳವರಾದರೆ ಪಾದ್ರಿಯೊಬ್ಬನನ್ನು ಕಾಯಂ ಆಗಿ ನೇಮಿಸಿ ಪ್ರಾರ್ಥನೆ ಹೇಳಿಸಲು ದತ್ತಿ ಬಿಡುತ್ತಿದ್ದರು. ‘ಕೊಡಲು ಮರೆತ ದಶಮಾಂಶಕ್ಕಾಗಿ’ ಎಂದು ಪೂಜಾವೇದಿಗೆ ಕೆಲವು ಪೆನ್ಸ್ ಬಿಡುವುದೂ ಇತ್ತು. 1547ರ ಕಾಯಿದೆ ಈ ಪ್ರಾರ್ಥನಾ ದತ್ತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಆಮೇಲಿನವರು ಅದೇ ದುಡ್ಡನ್ನು ಶಾಲೆಗೆ, ಬಡ ಮುದುಕರ ಆಶ್ರಯಮನೆಗೆ, ಸೇತುವೆಗೆ, ವರ್ಷಕ್ಕೊಂದು ಪ್ರವಚನಕ್ಕೆ ಬಿಟ್ಟರು.

ಎಲ್ಲಿ ಹೂಳಬೇಕು ಎಂದು ಏನು ಬರೆಯುತ್ತಿದ್ದರು?

ಬಡವರು ಚರ್ಚಿನ ಹೊರಗಿನ ಅಂಗಳ ಎಂದು ಬರೆದು ಬಿಡುತ್ತಿದ್ದರು. ಜಂಟಲ್‌ಮನ್‌ಗೆ ಚರ್ಚಿನ ಒಳಗೇ ಜಾಗ ಬೇಕು. ಒಳಗೂ ಜಾಗಕ್ಕೊಂದು ದರ್ಜೆ: ನಡುಹಜಾರ, ಅದಕ್ಕಿಂತ ಮೇಲು ಪಕ್ಕದ ಕುಟುಂಬದ ಮೊಗಸಾಲೆ, ಎಲ್ಲಕ್ಕಿಂತ ಮೇಲು ಚಾನ್ಸೆಲ್, ಅಂದರೆ ಪೂಜಾವೇದಿ ಇರುವ ಮೂಡಣ ಭಾಗ. ಒಳಗೆ ಹೂಳಲು ಹಲವು ಪ್ಯಾರಿಷ್‌ಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರುಗಳಲ್ಲಿ, 6 ಶಿಲ್ಲಿಂಗ್ 8 ಪೆನ್ಸ್ ಶುಲ್ಕ. ನೆಲಗಲ್ಲು ಕಿತ್ತು ಮತ್ತೆ ಹಾಸುವ ಖರ್ಚು ಬೇರೆ.

ಜಾಗವನ್ನು ಗುರುತಿಸುವ ಬಗೆಯೇ ಓದಲು ಚೆಂದ. ‘ನನ್ನ ಮೊದಲ ಹೆಂಡತಿಯ ಪಕ್ಕ’, ‘ನಾನು ದಿನಾ ಕೂರುತ್ತಿದ್ದ ಬೆಂಚಿನ ಕೊನೆಗೆ’, ‘ನನ್ನ ಅಪ್ಪ ಮಲಗಿರುವ ಕಡೆ, ಸಾಧ್ಯವಾದಷ್ಟು ಹತ್ತಿರ’ ಎಂಬ ಬಗೆಯವು. ಎರಡನೇ ಹೆಂಡತಿ ಎದುರಿಗೆ ಕೂತಿರುವಾಗಲೇ ಮೊದಲನೆಯವಳ ಪಕ್ಕ ಎಂದು ಬರೆಸುವುದು ಆಗ ಸಾಮಾನ್ಯ ಸಂಗತಿ. ಫ್ರಾನ್ಸಿಸ್ ಬೇಕನ್ ಹಳ್ಳಿ ಜಂಟಲ್‌ಮನ್‌ಗಿಂತ ಬಹಳ ಮೇಲಿನವನು, ಲಾರ್ಡ್ ಚಾನ್ಸಲರ್ ಆಗಿದ್ದವನು. ಅವನ ಕೋರಿಕೆಯೂ ಇದೇ ಜಾಡಿನದು. ಸೇಂಟ್ ಆಲ್ಬನ್ಸ್ ಬಳಿಯ ಸೇಂಟ್ ಮೈಕೇಲ್ ಚರ್ಚಿನಲ್ಲಿ ಹೂಳಿ, ನನ್ನ ತಾಯಿಯನ್ನು ಹೂಳಿದ್ದು ಅಲ್ಲಿ, ನನ್ನ ಮನೆ ಗೋರಂಬರಿಗೆ ಅದೇ ಪ್ಯಾರಿಷ್ ಚರ್ಚು ಎಂದು 1625ರ ಉಯಿಲಿನಲ್ಲಿ ಬರೆದ. ಇಂದಿಗೂ ಅವನ ಅಮೃತಶಿಲೆಯ ಪ್ರತಿಮೆ ಆ ಚರ್ಚಿನಲ್ಲಿ ಕುರ್ಚಿಗೊರಗಿ ಕೂತಿದೆ.

ಸ್ಮಾರಕಕ್ಕೆ ಹಣ ತೆಗೆದಿಟ್ಟು ಹೋದವರೂ ಇದ್ದಾರೆ. ಸ್ಟ್ರಾಟ್‌ಫರ್ಡಿನ ಸಾಹುಕಾರ ಜಾನ್ ಕೂಂಬ್ 1614ರಲ್ಲಿ ಸತ್ತ. ಮದುವೆಯಾಗದವನು, ಸಾಲ ಕೊಡುವುದರಲ್ಲಿ ಹೆಸರಾದವನು. ಸಮಾಧಿಗೆಂದೇ 60 ಪೌಂಡ್ ಬರೆದಿಟ್ಟ. ಕೈಜೋಡಿಸಿ ಮಲಗಿದ ಅವನ ಕಲ್ಲಿನ ಮೂರ್ತಿ ಹೋಲಿ ಟ್ರಿನಿಟಿ ಚರ್ಚಿನ ಚಾನ್ಸೆಲ್‌ನಲ್ಲಿದೆ. ಆ ಉಯಿಲಿನಲ್ಲಿ ಶೇಕ್ಸ್‌ಪಿಯರನಿಗೂ 5 ಪೌಂಡ್ ಉಂಟು.

ಅದೇ ಚಾನ್ಸೆಲ್‌ನಲ್ಲಿ, ಕೂಗಳತೆಯಲ್ಲೂ ಅಲ್ಲ, ಮಾರಳತೆಯಲ್ಲಿ ಮಲಗಿರುವ ಶೇಕ್ಸ್‌ಪಿಯರ್ ಮಾತ್ರ ತನ್ನ ಉಯಿಲಿನಲ್ಲಿ ಜಾಗದ ಸೊಲ್ಲೇ ಎತ್ತಿಲ್ಲ. ‘ದೇಹವನ್ನು ಅದು ಯಾವುದರಿಂದ ಆಗಿದೆಯೋ ಆ ಮಣ್ಣಿಗೆ’ ಎಂದಷ್ಟೇ ಇದೆ. ಅಕ್ಷರಶಃ ಸೂತ್ರದ ಮಾತು. ದಶಮಾಂಶದ ಹಕ್ಕು ಕೊಂಡಿದ್ದರಿಂದ ಚಾನ್ಸೆಲ್‌ನಲ್ಲಿ ಜಾಗ ಸಿಕ್ಕಿತು ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಕೇಳದೆಯೇ ಸಿಗುವುದನ್ನು ಬರೆಯುವ ಅಗತ್ಯವಿರಲಿಲ್ಲ.

ಅಂತ್ಯಕ್ರಿಯೆ ಎಷ್ಟು ಅದ್ದೂರಿ?

ಅಂತಸ್ತಿಗೆ ತಕ್ಕಂತೆ ಎಂಬುದೇ ನಿಯಮ. ಲಾಂಛನವಿದ್ದ ಮನೆತನದ ದೊಡ್ಡ ಸಾವಿಗೆ ಹೆರಾಲ್ಡ್‌ಗಳೇ ಬಂದು ಮೆರವಣಿಗೆ ನಡೆಸುತ್ತಿದ್ದರು, ತಕ್ಕ ಶುಲ್ಕ ತೆಗೆದುಕೊಂಡು. ಯಾವ ದರ್ಜೆಯವನ ಶವದ ಹಿಂದೆ ಎಷ್ಟು ಜನ ಕರಿಬಟ್ಟೆಯ ಶೋಕಾಚರಣೆಯವರು ನಡೆಯಬೇಕು, ಯಾವ ಬಾವುಟ ಹಿಡಿಯಬೇಕು ಎಲ್ಲಕ್ಕೂ ಕಟ್ಟಳೆಯಿತ್ತು. ನೈಟ್ ಆಗಿದ್ದರೆ ಶಿರಸ್ತ್ರಾಣ, ಕತ್ತಿ, ಕೈಗವಸು ಮೆರವಣಿಗೆಯಲ್ಲಿ ಸಾಗಿ ಕೊನೆಗೆ ಸಮಾಧಿಯ ಮೇಲಿನ ಗೋಡೆಗೆ ಏರುತ್ತಿದ್ದವು. ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ತುಕ್ಕು ಹಿಡಿದ ಶಿರಸ್ತ್ರಾಣ ನೇತಾಡುತ್ತಿದ್ದರೆ ಅದು ಯುದ್ಧದ್ದೇ ಆಗಿರಬೇಕಿಲ್ಲ. ಎಷ್ಟೋ ಸಲ ಶವಯಾತ್ರೆಗೆಂದೇ ಜೋಡಿಸಿದ್ದು.

ಖರ್ಚಿನ ದೊಡ್ಡ ಬಾಬತ್ತು ಕರಿಬಟ್ಟೆ. ನೆಂಟರಿಗೆ, ಆಳುಗಳಿಗೆ, ಪಾದ್ರಿಗೆ, ಎಲ್ಲರಿಗೂ ಗಜಗಟ್ಟಲೆ. ಸತ್ತವನ ವಯಸ್ಸು ಎಷ್ಟೋ ಅಷ್ಟು ಜನ ಬಡವರಿಗೆ ನಿಲುವಂಗಿ ಹೊಲಿಸಿ ಮೆರವಣಿಗೆಯಲ್ಲಿ ನಡೆಸುವುದು ಒಂದು ವಾಡಿಕೆ. ಚರ್ಚಿನ ಬಾಗಿಲಲ್ಲಿ ಬಂದವರಿಗೆಲ್ಲ ತಲೆಗೊಂದು ಪೆನ್ನಿ, ರೊಟ್ಟಿ. ಮನೆಯಲ್ಲಿ ಊಟ, ಬಿಯರ್.

17ನೇ ಶತಮಾನ ಮುಂದುವರಿದಂತೆ ‘ಆಡಂಬರ ಬೇಡ’ ಎಂಬ ಮಾತು ಹೆಚ್ಚುತ್ತದೆ. ಆಡಂಬರ ಒಪ್ಪದ ಪ್ಯೂರಿಟನ್ ಪಂಥದ ನಂಬಿಕೆ ಒಂದು ಕಾರಣ, ಖರ್ಚು ಇನ್ನೊಂದು. ದೊಡ್ಡ ಮನೆತನಗಳವರು ರಾತ್ರಿ ಹೊತ್ತು ಪಂಜಿನ ಬೆಳಕಿನಲ್ಲಿ ಹೂಳುವ ರೂಢಿ ಹಾಕಿಕೊಂಡರು; ಹೆರಾಲ್ಡ್‌ಗಳ ಕಟ್ಟಳೆಯೂ ಬಿಲ್ಲೂ ಎರಡೂ ತಪ್ಪಿದವು. ಆದರೆ ‘ಸರಳವಾಗಿ’ ಎಂದು ಬರೆದವನು ಮುಂದಿನ ಸಾಲಿನಲ್ಲೇ ‘ನನ್ನ ಅಂತಸ್ತಿಗೆ ಕುಂದು ಬಾರದಂತೆ’ ಎಂದು ಸೇರಿಸಿದ್ದರೆ ಆ ಸರಳತೆಯನ್ನು ತುಸು ಅನುಮಾನದಿಂದಲೇ ನೋಡಿ.

ಉಣ್ಣೆಯ ಬಟ್ಟೆಯಲ್ಲೇ ಹೂಳಬೇಕೆಂಬ ಕಾನೂನಿತ್ತಂತೆ, ನಿಜವೇ?

ನಿಜ. ದೇಶದ ಉಣ್ಣೆ ವ್ಯಾಪಾರಕ್ಕೆ ಆಸರೆಯಾಗಲಿ ಎಂದು 1666ರಲ್ಲಿ ಕಾಯಿದೆ ಬಂತು, 1678ರಲ್ಲಿ ಬಿಗಿಯಾಯಿತು. ಶವಕ್ಕೆ ಸುತ್ತಿದ್ದು ಉಣ್ಣೆಯೇ ಎಂದು ಯಾರಾದರೂ ಪ್ರಮಾಣ ಮಾಡಿ ಪಾದ್ರಿಗೆ ಚೀಟಿ ಕೊಡಬೇಕು. ತಪ್ಪಿದರೆ 5 ಪೌಂಡ್ ದಂಡ, ಅರ್ಧ ಪ್ಯಾರಿಷ್ಷಿನ ಬಡವರಿಗೆ, ಅರ್ಧ ದೂರು ಕೊಟ್ಟವರಿಗೆ. ನಾರುಮಡಿಯ ನಯವೇ ಬೇಕೆಂದ ಜಂಟಲ್‌ಮನ್‌ಗಳ ಮನೆಯವರು ನಾರಿನ ಬಟ್ಟೆಯಲ್ಲೇ ಹೂಳಿ, ತಾವೇ ಯಾರಿಂದಲಾದರೂ ದೂರು ಕೊಡಿಸಿ, ದಂಡದ ಅರ್ಧ ವಾಪಸು ಪಡೆಯುತ್ತಿದ್ದರು. ಕಾಯಿದೆ ಬಹುಕಾಲ ಹೆಸರಿಗಷ್ಟೇ ಇದ್ದು 1814ರಲ್ಲಿ ರದ್ದಾಯಿತು.

ಬರೆದ ಜಾಗದಲ್ಲೇ ಹೂಳಬೇಕೆಂಬ ಕಡ್ಡಾಯವಿತ್ತೆ?

ಮಾನಕ್ಕೆ ಕಟ್ಟುಬಿದ್ದು ಹೂಳುತ್ತಿದ್ದರು. ಶವ ಯಾರ ಆಸ್ತಿಯೂ ಅಲ್ಲವಾದ್ದರಿಂದ ಅದನ್ನು ಉಯಿಲಿನಲ್ಲಿ ವಿಲೇವಾರಿ ಮಾಡಲಾಗದು ಎಂದು ಇಂಗ್ಲೆಂಡಿನ ಕೋರ್ಟು ಖಚಿತವಾಗಿ ಹೇಳಿದ್ದು ಬಹಳ ತಡವಾಗಿ, 1882ರಲ್ಲಿ. ದೂರದೂರಿನಲ್ಲಿ ಸತ್ತರೆ ಅಲ್ಲೇ ಮಣ್ಣು. ‘ನಾನು ಸಾಯುವ ಕಡೆ ಎಲ್ಲಿ ಅನುಕೂಲವೋ ಅಲ್ಲಿ’ ಎಂದು ಎಕ್ಸಿಕ್ಯೂಟರನ ವಿವೇಚನೆಗೆ ಬಿಟ್ಟವರು ವ್ಯವಹಾರ ತಿಳಿದವರು.

ಶೇಕ್ಸ್‌ಪಿಯರ್ ಹೆಂಡತಿಗೆ ಎರಡನೇ ಒಳ್ಳೆಯ ಮಂಚವನ್ನಷ್ಟೇ ಕೊಟ್ಟನಲ್ಲ, ಅವಮಾನವಲ್ಲವೇ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ. ಮೊದಲು ಕಣ್ಣಿಗೆ ಕಾಣುವುದನ್ನು ಹೇಳೋಣ. ಆ ಸಾಲು ಎರಡು ಸಾಲುಗಳ ನಡುವೆ ಆಮೇಲೆ ತುರುಕಿದ್ದು. ‘ನನ್ನ ಹೆಂಡತಿಗೆ ನನ್ನ ಎರಡನೇ ಒಳ್ಳೆಯ ಮಂಚ, ಅದರ ಸರಂಜಾಮಿನ ಸಮೇತ.’ ಹೆಸರಿಲ್ಲ, ‘ಪ್ರೀತಿಯ’ ಎಂಬ ಮಾತಿಲ್ಲ. ಸರಂಜಾಮು ಎಂದರೆ ಗರಿಯ ಹಾಸಿಗೆ, ದಿಂಬು, ಹೊದಿಕೆ, ಸುತ್ತಲಿನ ಪರದೆ. ಒಳ್ಳೆಯ ಮಂಚ ಮನೆಯೊಳಗಿನ ಅತಿ ಬೆಲೆಬಾಳುವ ವಸ್ತುಗಳಲ್ಲೊಂದು. ಮೊದಲನೆಯದು ಅತಿಥಿಗಳಿಗೋ, ಮನೆಯ ಜೊತೆಗೆ ವಾರಸುದಾರರಿಗೋ ಮೀಸಲು.

ಇನ್ನು ಕಾಣದ್ದು. ಸಾಮಾನ್ಯ ಕಾನೂನಿನಂತೆ ಗಂಡನ ಭೂಮಿಯ ಮೂರನೇ ಒಂದು ಪಾಲಿನ ಮೇಲೆ ವಿಧವೆಗೆ ಬದುಕಿರುವ ತನಕ ಹಕ್ಕು. ಅದನ್ನು ಡವರ್ ಎನ್ನುತ್ತಿದ್ದರು. ಉಯಿಲಿನಲ್ಲಿ ಬರೆಯುವ ಗೋಜಿಲ್ಲ. ಮದುವೆಯ ಕರಾರಿನಲ್ಲಿ ಗೊತ್ತುಮಾಡಿದ ಜೀವನಾಂಶದ ಭೂಮಿ ಇದ್ದರೆ ಡವರ್ ಬದಲು ಅದು. ಹಾಗಾಗಿ ಹೆಂಡತಿಯ ಹೆಸರು ಎರಡು ಸಾಲಿನಲ್ಲಿ ಮುಗಿಯುವ ಉಯಿಲುಗಳು ಬೇಕಾದಷ್ಟಿವೆ. ಚರಾಸ್ತಿಯಲ್ಲೂ ಮೂರನೇ ಒಂದು ಪಾಲು ಹೆಂಡತಿಗೆ ಎಂಬ ಪದ್ಧತಿ ಯಾರ್ಕ್ ಆರ್ಚ್‌ಬಿಷಪ್ಪರ ಪ್ರಾಂತ್ಯದಲ್ಲಿ 1692ರ ತನಕ ಇತ್ತು, ಆದರೆ ಸ್ಟ್ರಾಟ್‌ಫರ್ಡ್ ಕ್ಯಾಂಟರ್‌ಬರಿ ಪ್ರಾಂತ್ಯಕ್ಕೆ ಸೇರಿದ್ದು. ಇನ್ನೊಂದು ತೊಡಕೂ ಇದೆ: 1613ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ ಅವನು ಕೊಂಡ ಮನೆಯ ಪತ್ರದಲ್ಲಿ ಗೆಳೆಯರನ್ನು ಜೊತೆಗಾರರಾಗಿ ಸೇರಿಸಿದ್ದರಿಂದ ಆ ಮನೆಗೆ ಡವರ್ ತಗಲುತ್ತಿರಲಿಲ್ಲ. ಅದು ಬೇಕೆಂದೇ ಮಾಡಿದ್ದೋ ವ್ಯವಹಾರದ ಅನುಕೂಲಕ್ಕೋ, ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ. ನನ್ನ ಮಟ್ಟಿಗೆ ಒಂದು ಮಂಚದ ಮೇಲೆ 33 ವರ್ಷದ ದಾಂಪತ್ಯದ ತೀರ್ಪು ಬರೆಯುವುದು ಅತಿಯಾಯಿತು.

ನಿಜವಾಗಿಯೂ ಹೆಂಡತಿಯ ಮೇಲೆ ಮುನಿದವನು ಹೇಗೆ ಬರೆಯುತ್ತಾನೆ ಎಂದು ನೋಡಬೇಕಾದರೆ ಬೇಕನ್ನನ ಉಯಿಲಿಗೆ ಬನ್ನಿ. ಮೊದಲು ಹೆಂಡತಿಗೆ ಧಾರಾಳವಾಗಿ ಕೊಟ್ಟು, ಕೊನೆಯಲ್ಲಿ, ನ್ಯಾಯವಾದ ಮತ್ತು ಗುರುತರವಾದ ಕಾರಣಗಳಿಗಾಗಿ ಅದನ್ನೆಲ್ಲ ಹಿಂದಕ್ಕೆ ಪಡೆಯುತ್ತೇನೆ, ಅವಳಿಗೆ ಕಾನೂನಿನ ಹಕ್ಕು ಮಾತ್ರ ಎಂದು ಸೇರಿಸಿದ. ಮುನಿಸಿಗೂ ಮುಟ್ಟಲಾಗದ ಹಕ್ಕೊಂದು ವಿಧವೆಗಿತ್ತು ಎಂಬುದು ಇದೇ ಸಾಲಿನಿಂದ ಗೊತ್ತಾಗುತ್ತದೆ.

ಹೆಣ್ಣುಮಕ್ಕಳಿಗೆ, ಕಿರಿಯ ಗಂಡುಮಕ್ಕಳಿಗೆ ಏನು?

ಹೆಣ್ಣುಮಕ್ಕಳಿಗೆ ಹಣ; 21 ತುಂಬಿದಾಗ ಅಥವಾ ಮದುವೆಯ ದಿನ, ಯಾವುದು ಮೊದಲೋ ಆಗ. ತಾಯಿಯ, ಎಕ್ಸಿಕ್ಯೂಟರರ ಒಪ್ಪಿಗೆ ಇಲ್ಲದೆ ಮದುವೆಯಾದರೆ ಕಡಿತ ಎಂಬ ಷರತ್ತು ಬಹಳ ಕಡೆ. ಕಿರಿಯ ಗಂಡುಮಕ್ಕಳಿಗೆ ವರ್ಷಾಶನ, ತುಂಡು ಭೂಮಿ, ಇಲ್ಲವೇ ಲಂಡನ್ನಿನಲ್ಲಿ ಕಸುಬು ಕಲಿಯಲು ಹಣ.

ಅಳಿಯನ ಮೇಲೆ ಅಪನಂಬಿಕೆ ಇದ್ದರೆ ಏನು ಮಾಡುತ್ತಿದ್ದರು ಎಂಬುದಕ್ಕೆ ಶೇಕ್ಸ್‌ಪಿಯರನ ಕಿರಿಮಗಳು ಜೂಡಿತ್‌ಳ ಪಾಲು ಪಾಠದಂತಿದೆ. ಅವಳು 1616ರ ಫೆಬ್ರವರಿಯಲ್ಲಿ ಥಾಮಸ್ ಕ್ವೈನಿಯನ್ನು ಮದುವೆಯಾದಳು. ಅವನಿಂದ ಗರ್ಭಿಣಿಯಾಗಿದ್ದ ಮತ್ತೊಬ್ಬ ಹೆಂಗಸು ಮಾರ್ಚಿಯಲ್ಲಿ ಹೆರಿಗೆಯಲ್ಲಿ ಸತ್ತಳು, ಚರ್ಚ್ ಕೋರ್ಟು ಕ್ವೈನಿಗೆ ಬುಲಾವು ಕಳಿಸಿತು. ಮಾರ್ಚ್ 25ರಂದು ಉಯಿಲು ತಿದ್ದುಪಡಿಯಾಯಿತು. ‘ಅಳಿಯನಿಗೆ’ ಎಂಬ ಪದಕ್ಕೆ ಗೀಟು ಎಳೆದು ‘ಮಗಳು ಜೂಡಿತ್‌ಗೆ’ ಎಂದು ಬರೆದಿದ್ದಾರೆ. 100 ಪೌಂಡ್ ಮದುವೆಯ ಪಾಲು. ಒಂದು ಸಣ್ಣ ಮನೆಯ ಹಕ್ಕು ಬಿಟ್ಟುಕೊಟ್ಟರೆ ಇನ್ನು 50. ಮೂರು ವರ್ಷದ ಮೇಲೂ ಅವಳೋ ಅವಳ ಮಕ್ಕಳೋ ಬದುಕಿದ್ದರೆ ಇನ್ನು 150, ಆದರೆ ಅದರ ಬಡ್ಡಿ ಅವಳಿಗೆ. ಗಂಡನಾದವನು ಅಷ್ಟೇ ಬೆಲೆಯ ಭೂಮಿಯನ್ನು ಅವಳ ಹೆಸರಿಗೆ ಮಾಡಿದರೆ ಮಾತ್ರ ಅಸಲು ಅವನ ಕೈಗೆ.

ಹಿರಿಮಗಳು ಸೂಸನ್ನಳಿಗೆ ಮನೆ ಜಮೀನು ಎಲ್ಲ. ಅವಳ ನಂತರ ಅವಳ ಮೊದಲ ಮಗನಿಗೆ, ಅವನಿಲ್ಲದಿದ್ದರೆ ಎರಡನೆಯವನಿಗೆ, ಹೀಗೆ ಏಳನೇ ಮಗನ ತನಕ ಬರೆದಿದೆ. ಅವಳಿಗಿದ್ದದ್ದು ಒಬ್ಬಳೇ ಮಗಳು ಎಲಿಜಬೆತ್. ಜೂಡಿತ್‌ಳ ಮೂವರು ಗಂಡುಮಕ್ಕಳೂ ತಾಯಿಗಿಂತ ಮೊದಲೇ ತೀರಿಕೊಂಡರು. 1670ರಲ್ಲಿ ಎಲಿಜಬೆತ್ ಸತ್ತಾಗ ವಂಶ ಮುಗಿಯಿತು.

26 ಶಿಲ್ಲಿಂಗ್ 8 ಪೆನ್ಸ್, 13 ಪೌಂಡ್ 6 ಶಿಲ್ಲಿಂಗ್ 8 ಪೆನ್ಸ್: ಇದೇನು ವಿಚಿತ್ರ ಮೊತ್ತಗಳು?

20 ಶಿಲ್ಲಿಂಗಿಗೆ ಒಂದು ಪೌಂಡ್, 12 ಪೆನ್ಸಿಗೆ ಒಂದು ಶಿಲ್ಲಿಂಗ್. ಜೊತೆಗೆ ಲೆಕ್ಕದಲ್ಲಿ ಮಾತ್ರ ಇದ್ದ ‘ಮಾರ್ಕ್’ ಎಂಬುದೊಂದು: 13 ಶಿಲ್ಲಿಂಗ್ 4 ಪೆನ್ಸ್, ಪೌಂಡಿನ ಮೂರರಲ್ಲಿ ಎರಡು. ಅದರ ಅರ್ಧ ‘ನೋಬಲ್’. ಈಗ ನೋಡಿ, ಮೊದಲನೆಯದು ಸರಿಯಾಗಿ 2 ಮಾರ್ಕ್, ಎರಡನೆಯದು 20 ಮಾರ್ಕ್. ಆ 2 ಮಾರ್ಕನ್ನು ಶೇಕ್ಸ್‌ಪಿಯರ್ ತನ್ನ ರಂಗದ ಒಡನಾಡಿಗಳಾದ ಹೆಮಿಂಜಸ್, ಬರ್ಬೇಜ್, ಕಾಂಡೆಲ್ ಒಬ್ಬೊಬ್ಬರಿಗೂ ಉಂಗುರ ಕೊಳ್ಳಲು ಕೊಟ್ಟ. ನೆನಪಿನ ಉಂಗುರ ಆ ಕಾಲದ ಗೆಳೆತನದ ರೂಢಿ. 20 ಮಾರ್ಕ್ ಹೋದದ್ದು ವಕೀಲ ಫ್ರಾನ್ಸಿಸ್ ಕಾಲಿನ್ಸ್‌ಗೆ.

ಆಳುಕಾಳುಗಳಿಗೆ, ಬಡವರಿಗೆ?

ಆಳುಗಳಿಗೆ ಸಾಮಾನ್ಯವಾಗಿ ಆರು ತಿಂಗಳ ಇಲ್ಲವೇ ವರ್ಷದ ಸಂಬಳ, ಹಳೆ ಬಟ್ಟೆ. ದೀಕ್ಷಾಸ್ನಾನದಲ್ಲಿ ಎತ್ತಿಕೊಂಡ ಜ್ಞಾನಪುತ್ರರಿಗೆ ತಲೆಗೊಂದು ಕುರಿಮರಿ ಅಥವಾ ಒಂದು ಶಿಲ್ಲಿಂಗ್. ಊರ ಬಡವರಿಗೆ ಕೊಡಿ ಎಂದು ಕಾಯಿಲೆಯವನನ್ನು ಒತ್ತಾಯಿಸುವುದು ಪಾದ್ರಿಯ ಕರ್ತವ್ಯ ಎಂದು ಚರ್ಚಿನ ಪ್ರಾರ್ಥನಾಗ್ರಂಥದಲ್ಲೇ ಇತ್ತು. ಶೇಕ್ಸ್‌ಪಿಯರ್ ಬಿಟ್ಟದ್ದು 10 ಪೌಂಡ್, ಕೂಂಬ್ 20. ಕೂಂಬ್‌ನದು ಇನ್ನೂ ಒಂದು ದತ್ತಿ: 100 ಪೌಂಡ್ ಇಟ್ಟು, ಊರಿನ 15 ಮಂದಿ ಬಡ ಕಸುಬುದಾರ ಯುವಕರಿಗೆ ತಲಾ 20 ನೋಬಲ್ ಮೂರು ವರ್ಷದ ಮಟ್ಟಿಗೆ ಅಲ್ಪ ಬಡ್ಡಿಯ ಸಾಲ. ಸಾಯುವಾಗಲೂ ಸಾಲವೇ ಕೊಟ್ಟ ಪುಣ್ಯಾತ್ಮ ಎಂದು ನಗಬಹುದು, ಆದರೆ ಯೋಚನೆ ಚೆನ್ನಾಗಿದೆ.

ನನಗೆ ಅತಿ ಇಷ್ಟವಾದದ್ದು ಲೇಖಕ ಐಸಾಕ್ ವಾಲ್ಟನ್ 1683ರಲ್ಲಿ, 90 ತುಂಬಿದ ವಯಸ್ಸಿನಲ್ಲಿ ಬರೆದಿಟ್ಟ ಉಯಿಲು. ಹುಟ್ಟೂರು ಸ್ಟಾಫರ್ಡಿಗೆ ಹೊಲದ ಆದಾಯ ಬಿಟ್ಟ. ವರ್ಷಕ್ಕೆ ಇಬ್ಬರು ಹುಡುಗರನ್ನು ಕಸುಬಿಗೆ ಸೇರಿಸಲು 10 ಪೌಂಡ್. ಒಂದೇ ಮನೆಯಲ್ಲಿ ಬಹುಕಾಲ ದುಡಿದ ಕೆಲಸದ ಹುಡುಗಿಗೋ ಬಡವರ ಮಗಳಿಗೋ ಮದುವೆಯ ದಿನ 5 ಪೌಂಡ್. ಮಿಕ್ಕಿದ್ದರಲ್ಲಿ ಬಡವರಿಗೆ ಕಲ್ಲಿದ್ದಲು. ಕಲ್ಲಿದ್ದಲನ್ನು ಜನವರಿಯ ಕೊನೆಯ ವಾರ ಇಲ್ಲವೇ ಫೆಬ್ರವರಿಯ ಮೊದಲ ವಾರವೇ ಹಂಚಬೇಕು, ಬಡವರಿಗೆ ಅತಿ ಕಷ್ಟದ ಕಾಲ ಅದೇ ಎಂದು ಕಾರಣ ಬರೆದ. ತನ್ನನ್ನು ಮಾತ್ರ ಸತ್ತ ಕಡೆಯೇ, ಖರ್ಚು ಆಡಂಬರವಿಲ್ಲದೆ ಹೂಳಿ ಎಂದ. ವಿಂಚೆಸ್ಟರಿನ ಕೆಥೀಡ್ರಲ್‌ನಲ್ಲಿ ಹೂಳಿದರು.

ಹೆಂಗಸರು ಉಯಿಲು ಬರೆಯುವಂತಿತ್ತೇ?

ವಿಧವೆಯರು, ಮದುವೆಯಾಗದವರು ಬರೆಯಬಹುದು, ಬರೆದಿದ್ದಾರೆ. ಗಂಡನಿದ್ದವಳ ಚರಾಸ್ತಿ ಗಂಡನದೇ ಆದ್ದರಿಂದ ಅವನ ಒಪ್ಪಿಗೆಯಿಲ್ಲದೆ ಆಗದು, ಭೂಮಿಯನ್ನಂತೂ ಬರೆಯುವಂತಿರಲಿಲ್ಲ. ವಿಧವೆಯರ ಉಯಿಲುಗಳಲ್ಲಿ ವಸ್ತುಗಳ ವಿವರ ಗಂಡಸರದಕ್ಕಿಂತ ಎಷ್ಟೋ ಮೇಲು: ಯಾವ ಸೊಸೆಗೆ ಯಾವ ಸೀರೆ ಎಂದು ನಮ್ಮ ಅಜ್ಜಿಯರು ಹೇಳಿಟ್ಟು ಹೋಗುವಷ್ಟೇ ಕರಾರುವಾಕ್ಕಾಗಿ, ಯಾವ ಮೊಮ್ಮಗಳಿಗೆ ಯಾವ ಚಮಚ ಎಂಬುದು ಇರುತ್ತದೆ.

ಯಾವಾಗ ಬರೆಸುತ್ತಿದ್ದರು? ಸಾಕ್ಷಿ ಎಷ್ಟು?

ಹೆಚ್ಚಿನವರು ಹಾಸಿಗೆ ಹಿಡಿದ ಮೇಲೆ. ವಕೀಲನೋ ಪಾದ್ರಿಯೋ ಅಕ್ಷರ ಬಲ್ಲ ನೆರೆಯವನೋ ಬರೆಯುತ್ತಿದ್ದ. ಬಾಯಿಮಾತಿನ ಉಯಿಲೂ ನಡೆಯುತ್ತಿತ್ತು. 1677ರ ಕಾಯಿದೆ ಇದನ್ನು ಬಿಗಿಗೊಳಿಸಿತು: ಭೂಮಿಯ ಉಯಿಲು ಬರಹದಲ್ಲಿರಬೇಕು, ಸಹಿ ಬೇಕು, ಮೂರು ನಾಲ್ಕು ಸಾಕ್ಷಿ ಬೇಕು, 30 ಪೌಂಡಿಗೆ ಮೀರಿದ ಬಾಯಿಮಾತಿನ ಉಯಿಲಿಗೆ ಮೂವರು ಸಾಕ್ಷಿಗಳು. ಶೇಕ್ಸ್‌ಪಿಯರ್ ಮೂರು ಹಾಳೆಗೂ ಸಹಿ ಹಾಕಿದ್ದಾನೆ, ಐವರು ಸಾಕ್ಷಿಗಳು.

ಪ್ರೊಬೇಟ್, ಅಂದರೆ ಉಯಿಲು ಅಸಲಿ ಎಂಬ ಮನ್ನಣೆ, ಕೊಡುತ್ತಿದ್ದವರು ಯಾರು?

ಚರ್ಚ್ ಕೋರ್ಟುಗಳು. ಒಂದೇ ಡಯೋಸಿಸ್‌ನಲ್ಲಿ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿಯಲ್ಲಿ, ಆಸ್ತಿಯಿದ್ದರೆ ಅಲ್ಲಿನ ಕೋರ್ಟು. ಒಂದಕ್ಕಿಂತ ಹೆಚ್ಚು ಕಡೆ 5 ಪೌಂಡಿಗೆ ಮೇಲ್ಪಟ್ಟ ಸೊತ್ತಿದ್ದರೆ ಆರ್ಚ್‌ಬಿಷಪ್ಪರ ಕೋರ್ಟು, ಕ್ಯಾಂಟರ್‌ಬರಿ ಅಥವಾ ಯಾರ್ಕ್. ಜಂಟಲ್‌ಮನ್‌ಗಳ ಉಯಿಲು ಹೆಚ್ಚಾಗಿ ಕ್ಯಾಂಟರ್‌ಬರಿ ಕೋರ್ಟಿನಲ್ಲಿ ಸಿಗುವುದು ಇದರಿಂದ. ಅಂತರ್ಯುದ್ಧದ ನಂತರ 1653ರಿಂದ 1660ರ ತನಕ ಈ ಕೆಲಸ ಸರ್ಕಾರದ ಆಯೋಗದ ಕೈಗೆ ಹೋಗಿತ್ತು. 1858ರಲ್ಲಿ ಚರ್ಚಿನಿಂದ ಕಾಯಂ ಆಗಿ ತಪ್ಪಿತು. ಎಕ್ಸಿಕ್ಯೂಟರ್ ಮೊದಲು ಅಂತ್ಯಕ್ರಿಯೆಯ ಖರ್ಚು, ಆಮೇಲೆ ಸಾಲ, ಉಳಿದರೆ ಕೊಡುಗೆಗಳನ್ನು ತೀರಿಸಬೇಕು. ಉಯಿಲಿನಲ್ಲಿ 500 ಪೌಂಡ್ ಎಂದಿದೆ ಎಂದ ಮಾತ್ರಕ್ಕೆ ಅದು ಮಗಳ ಕೈಸೇರಿತು ಎಂದುಕೊಳ್ಳುವಂತಿಲ್ಲ.

ಶೇಕ್ಸ್‌ಪಿಯರನ ಉಯಿಲಿನಲ್ಲಿ ಪುಸ್ತಕದ ಹೆಸರೇ ಇಲ್ಲವಲ್ಲ?

ಉಯಿಲಿನಲ್ಲಿ ಹೆಸರಿಸದ ಸೊತ್ತೆಲ್ಲ ಒಟ್ಟಾಗಿ ಸೂಸನ್ನ ಮತ್ತು ಅವಳ ಗಂಡ ಡಾಕ್ಟರ್ ಹಾಲ್‌ಗೆ ಹೋಯಿತು, ಪುಸ್ತಕವಿದ್ದರೆ ಅದರಲ್ಲೇ. ವಸ್ತುಗಳ ಎಣಿಕೆ ಪಟ್ಟಿ ಬೇರೆಯೇ ಕಾಗದ. 1529ರ ಕಾಯಿದೆಯಂತೆ ನೆರೆಯವರು ಮನೆಯೊಳಗೆ ಕೋಣೆ ಕೋಣೆ ಸುತ್ತಿ ಬೆಲೆ ಕಟ್ಟಿ ಅದನ್ನು ಕೋರ್ಟಿಗೆ ಸಲ್ಲಿಸಬೇಕಿತ್ತು. ಶೇಕ್ಸ್‌ಪಿಯರನ ಪಟ್ಟಿ ಸಲ್ಲಿಕೆಯಾಗಿದೆ ಎಂಬ ಷರಾ ಇದೆ, ಪಟ್ಟಿ ಉಳಿದಿಲ್ಲ. ಪುಸ್ತಕವಿಲ್ಲ, ಆದ್ದರಿಂದ ಅವನು ನಾಟಕ ಬರೆದಿಲ್ಲ ಎಂದು ವಾದಿಸುವವರಿಗೆ ನೂರಾರು ಓದುಬಲ್ಲ ಜಂಟಲ್‌ಮನ್‌ಗಳ ಪುಸ್ತಕವಿಲ್ಲದ ಉಯಿಲುಗಳನ್ನು ತೋರಿಸಬಹುದು.

ತಾರೀಖುಗಳು ಒಂದು ವರ್ಷ ಹಿಂದೆ ಮುಂದೆ ಇವೆಯಲ್ಲ?

1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಕೂಂಬ್‌ನ ಉಯಿಲಿನಲ್ಲಿ 1612ರ ಜನವರಿ 28 ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1613.

ನಮ್ಮ ಉಯಿಲು ಕಾನೂನಿಗೂ ಇದಕ್ಕೂ ನಂಟು ಇದೆಯೇ?

ಇದೆ. 1837ರ ಇಂಗ್ಲಿಷ್ ಉಯಿಲು ಕಾಯಿದೆ ಸಾಕ್ಷಿಗಳನ್ನು ಎರಡಕ್ಕೆ ಇಳಿಸಿತು. ಅದೇ ನಿಯಮ 1865ರ ಭಾರತೀಯ ಉತ್ತರಾಧಿಕಾರ ಕಾಯಿದೆಗೂ, ಅಲ್ಲಿಂದ 1925ರ ಕಾಯಿದೆಯ 63ನೇ ಕಲಮಿಗೂ ಬಂತು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇಂದು ಬರೆಯುವ ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕಾಗುವುದು ಹೀಗೆ. ಇನ್ನೊಂದು ಎಳೆ: ಸಾಯುವ ಹೊತ್ತಿಗೆ ಧರ್ಮಕ್ಕೆ ಭೂಮಿ ಬರೆದು ಮನೆಯವರನ್ನು ಬೀದಿಗೆ ತಳ್ಳಬಾರದೆಂದು 1736ರಲ್ಲಿ ಇಂಗ್ಲೆಂಡು ಕಾಯಿದೆ ಮಾಡಿ, ಸಾವಿಗೆ 12 ತಿಂಗಳು ಮೊದಲೇ ಪತ್ರ ಆಗಿರಬೇಕೆಂದಿತು. ಅದೇ 12 ತಿಂಗಳ ಷರತ್ತು 1925ರ ಕಾಯಿದೆಯ 118ನೇ ಕಲಮಿನಲ್ಲಿ ಭಾರತದ ಕ್ರೈಸ್ತರಿಗೆ ಉಳಿದುಬಂದಿತ್ತು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು.

ಈ ಉಯಿಲುಗಳನ್ನು ಎಲ್ಲಿ ಓದಬಹುದು?

ಕ್ಯಾಂಟರ್‌ಬರಿ ಕೋರ್ಟಿನ 1384ರಿಂದ 1858ರ ತನಕದ ನಕಲು ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಪ್ರಾಬ್ 11 ಎಂಬ ಸರಣಿಯಲ್ಲಿ. ಹೆಸರು, ಊರು, ವರ್ಷ ಹಾಕಿ ಅಂತರ್ಜಾಲದಲ್ಲಿ ಹುಡುಕಬಹುದು. ಶೇಕ್ಸ್‌ಪಿಯರನ ಮೂಲಪ್ರತಿ ಪ್ರಾಬ್ 1ರಲ್ಲಿ. ಯಾರ್ಕಿನವು ಅಲ್ಲಿನ ವಿಶ್ವವಿದ್ಯಾಲಯದ ಬಾರ್ತ್‌ವಿಕ್ ಸಂಸ್ಥೆಯಲ್ಲಿ, ಸಣ್ಣ ಕೋರ್ಟುಗಳವು ಜಿಲ್ಲಾ ದಾಖಲೆ ಕಚೇರಿಗಳಲ್ಲಿ. ಅಕ್ಷರ ಆ ಕಾಲದ ಸೆಕ್ರೆಟರಿ ಎಂಬ ಕೈಬರಹದ ಲಿಪಿಯದ್ದು, ಮೊದಮೊದಲು ಒಂದು ಪದವೂ ಹತ್ತದು. ಕೊನೆಯ ಪ್ರೊಬೇಟ್ ಷರಾ, 1650ರ ದಶಕ ಬಿಟ್ಟರೆ, 1733ರ ತನಕ ಲ್ಯಾಟಿನ್‌ನಲ್ಲಿ. ನಕಲು ಪುಸ್ತಕದಲ್ಲಿ ಗೀಟು ಎಳೆದದ್ದು, ನಡುವೆ ತುರುಕಿದ್ದು ಯಾವುದೂ ಕಾಣದು, ಎಲ್ಲ ಒಂದೇ ಸಮ ಬರೆದುಕೊಂಡು ಹೋಗಿರುತ್ತಾರೆ. ಮೂಲಪ್ರತಿ ಉಳಿದಿದ್ದರೆ ಅದನ್ನೇ ತರಿಸಿ ನೋಡಿ. ಆರಂಭಕ್ಕೆ 1650ರ ದಶಕದ ಒಂದು ಉಯಿಲು ಆರಿಸಿಕೊಂಡರೆ ಷರಾ ಕೂಡ ಇಂಗ್ಲಿಷಿನಲ್ಲೇ ಇರುತ್ತದೆ.